ಲೂಸಿ ಅತ್ತೆಯನ್ನು ಕೇಳಲು ಕೋಳಿ ಹಿಡಿದು ಹೋದದ್ದು

ನಾರ್ವೆ ಬಿಡುವಾಗ

ಆಗುವುದಿಲ್ಲ ಎಂದು ಹೇಳಿದವರು ನನ್ನ ಪಾಸ್ಕು ದೊಡ್ಡಪ್ಪ. ನಾನು ಹತ್ತನೇ ತರಗತಿ ಪಾಸಾಗಿ, ನಮ್ಮ ಹಳ್ಳಿ ನಾರ್ವೆಯಿಂದ ಕೊಪ್ಪದ ಕಾಲೇಜಿಗೆ ಹೋಗಿ ಅರ್ಜಿ ತರಲು ಹೊರಟಿದ್ದೆ. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. "ಮರ ಹತ್ತುವವನ ಮಗಳು ಡಿಗ್ರಿ ಮಾಡೋದು, ಈ ಮನೆಯಲ್ಲಿ ಉಳಿದವರು ವಿಮಾನ ಹತ್ತೋದು, ನಮ್ಮ ಲೂಸಿ ತಿರುಗಿ ನಾರ್ವೆಗೆ ಬಂದು ನಿಲ್ಲೋದು, ಈ ಮೂರೂ ಆಗೋ ಹೋಗೋ ಮಾತಲ್ಲ ಮಾರಾಯ್ತಿ" ಎಂದರು. ದೊಡ್ಡಪ್ಪ ಕೆಟ್ಟವರಲ್ಲ. ಅವರು ಕಂಡ ಲೋಕದಲ್ಲಿ ಈ ಮೂರೂ ಆಗಿರಲಿಲ್ಲ, ಅಷ್ಟೆ.

ಲೂಸಿ ಎಂದರೆ ನನ್ನ ಅಪ್ಪನ ಅಕ್ಕ, ನನಗೆ ಅತ್ತೆ. ನಾವು ಅಜ್ಜನ ಕಾಲದಲ್ಲಿ ಘಟ್ಟದ ಕೆಳಗಿನಿಂದ ಅಡಿಕೆ ಮರ ಹತ್ತಿ ಕೊನೆ ತೆಗೆಯುವ ಕೆಲಸಕ್ಕೆ ಬಂದ ಕ್ರೈಸ್ತರು. ನಮ್ಮ ಕೊಂಕಣಿ ಮಾತು ಅಜ್ಜಿಯ ಜೊತೆಗೇ ಮಣ್ಣಾಯಿತು. ಈಗ ನಮ್ಮ ಮನೆ ಮಾತು ಕನ್ನಡ. ಅತ್ತೆ ಹುಡುಗಿಯಾಗಿದ್ದಾಗ ನರಸಿಂಹರಾಜಪುರದ ಇಗರ್ಜಿಗೆ ಪ್ರಾರ್ಥನೆಗೆ ಹೋಗುತ್ತಿದ್ದವರು ಅಲ್ಲಿಂದಲೇ ಕಾನ್ವೆಂಟಿಗೆ ಸೇರಿ ಸಿಸ್ಟರ್ ಆದರು. ಆಮೇಲೆ ಆಫ್ರಿಕಾದ ಮಲಾವಿ ಎಂಬ ದೇಶಕ್ಕೆ ಮಿಶನ್ ಕೆಲಸಕ್ಕೆ ಹೋದರು. ಹೋದವರು ರಜೆಯಲ್ಲಿ ಬಂದದ್ದು ಒಂದೇ ಸಲ. ಅಜ್ಜಿ ಸತ್ತಾಗಲೂ ಬರಲಾಗಲಿಲ್ಲ.

ಆ ಒಂದು ರಜೆ ನನಗೆ ಚೆನ್ನಾಗಿ ನೆನಪಿದೆ. ನಾನು ಏಳನೇ ತರಗತಿ. ಕೊಯ್ಲಿನ ಕಾಲ. ಶಾಲೆ ಬಿಡಿಸಿ ನನ್ನನ್ನು ಅಮ್ಮನ ಜೊತೆ ಅಡಿಕೆ ಸುಲಿಯಲು ಕೂರಿಸಿದ್ದರು. ಅತ್ತೆ ಬಂದವರು ಚೀಲ ಇಳಿಸಿ, ನನ್ನನ್ನು ಮೆಟ್ಟುಗತ್ತಿಯ ಮೇಲಿಂದ ಎಬ್ಬಿಸಿ ತಾವೇ ಕೂತರು. ರಜೆ ಮುಗಿಯುವವರೆಗೂ ಬಿಳಿ ಅಂಗಿಯಲ್ಲೇ ಕೂತು ನನ್ನ ಪಾಲಿನ ಅಡಿಕೆ ಸುಲಿದರು. ಅಂಗಿಯ ತುಂಬ ಚೊಗರಿನ ಕಲೆ. ನಾನು ಶಾಲೆಗೆ ಹೋದೆ. ಅವತ್ತು ಹೋದವಳು ನಿಲ್ಲಲಿಲ್ಲ. ಬಿಎಸ್ಸಿ ನರ್ಸಿಂಗ್ ಓದುವಾಗಲೂ ರಜೆಗೆ ಬಂದರೆ ಸುಲಿಯುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನ ಕಪ್ಪು ಬೆರಳು ನೋಡಿ ಇದೆಂತ ಕಾಯಿಲೆ ಎಂದು ಕೇಳಿದವರಿದ್ದರು. ಕಾಯಿಲೆಯಲ್ಲ, ಫೀಸು ಎಂದು ಹೇಳಿದ್ದೆ. ನಮ್ಮ ಕುಟುಂಬದಲ್ಲಿ ಪದವಿಯ ಕಾಗದ ಕೈಯಲ್ಲಿ ಹಿಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೋದ ಕೊಯ್ಲಿನಲ್ಲಿ ಅಪ್ಪ ಮರದಿಂದ ಬಿದ್ದರು. ಸೊಂಟ ಹೋಯಿತು. ಈಗ ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ. ಮಂಚ ಹಿಡಿದ ಮೇಲೆ ಅವರಿಗೆ ಅಕ್ಕನದೇ ಧ್ಯಾನ. ಅತ್ತೆಯ ಮಠದ ಹಿರಿಯರು, ವಯಸ್ಸಾಯಿತು, ಮಂಡಿ ಹೋಗಿದೆ, ಊರಿಗೆ ಹೋಗುವುದಾದರೆ ಹೋಗಿ, ಇರುವುದಾದರೆ ಇರಿ ಎಂದು ಅವರಿಗೇ ಬಿಟ್ಟಿದ್ದರು. ಅತ್ತೆ ಫೋನಿನಲ್ಲಿ "ನೋಡುವ" ಎಂದವರು ಮತ್ತೆ ಮಾತೆತ್ತಲಿಲ್ಲ. ಅಪ್ಪ ನನ್ನನ್ನು ಕರೆದು ಹೇಳಿದರು: "ನೀನೇ ಹೋಗಿ ಕರ್ಕೊಂಡು ಬಾ. ನಿನ್ನ ಸರ್ಟಿಫಿಕೇಟ್ ತಗೊಂಡು ಹೋಗಿ ಅವಳ ಕೈಗೆ ಕೊಡು. ಜೆರಾಕ್ಸ್ ಬೇಡ, ಅಸಲಿದೇ ತಗೊಂಡು ಹೋಗು. ಅವಳು ಸುಲಿದ ಅಡಿಕೆ ಎಂತಾಯ್ತು ಅಂತ ನೋಡ್ಲಿ."

ಟಿಕೆಟ್ಟು, ವೀಸಾಗಳ ಕಥೆ ಬರೆದರೆ ಓದುವವರಿಗೂ ಬೇಸರ. ದೊಡ್ಡಪ್ಪ ಬಸ್ಸಿನವರೆಗೂ ಬಂದರು. "ಎರಡು ಆಯ್ತು. ಮೂರನೇದು ಆಗಲ್ಲ ನೋಡು" ಎಂದು ಚೀಲ ಒಳಗೆ ಕೊಟ್ಟರು.

ಲಿಲೋಂಗ್ವೆ

ಮಲಾವಿಯ ರಾಜಧಾನಿ ಎಂದು ಬೆಂಗಳೂರನ್ನು ಕಲ್ಪಿಸಿಕೊಂಡು ಇಳಿದರೆ, ವಿಮಾನ ನಿಲ್ದಾಣದ ಸುತ್ತ ಬರೀ ಒಣ ಹುಲ್ಲು. ಚೀಲ ತಪಾಸಣೆ ಮಾಡುವ ಅಧಿಕಾರಿ ಅಪ್ಪ ಕಟ್ಟಿಕೊಟ್ಟ ಕೆಂಪಡಿಕೆಯ ಪೊಟ್ಟಣ ಹೊರಗೆ ತೆಗೆದ. ಇದು ಮದ್ದೇ ಎಂದು ಕೇಳಿದ. ಅಲ್ಲ. ಆಹಾರವೇ? ಅಲ್ಲ. ಬೀಜವೇ? ಬಿತ್ತುವ ಬೀಜವೂ ಅಲ್ಲ. ಮತ್ತೆ ಏನು ಮಾಡುತ್ತೀರಿ ಎಂದ. ಜಗಿದು ಉಗುಳುತ್ತೇವೆ ಎಂದೆ. ಅವನು ತನ್ನ ಜೊತೆಯವರನ್ನು ಕರೆದು ಇದನ್ನು ನನ್ನಿಂದ ಮತ್ತೊಮ್ಮೆ ಹೇಳಿಸಿದ. ಒಬ್ಬ ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಹುಳ್ಳಗೆ ಮಾಡಿದ. ಇಡೀ ಕೊಪ್ಪ ತಾಲ್ಲೂಕು ಯಾವುದರ ಮೇಲೆ ನಿಂತಿದೆಯೋ ಅದನ್ನು ಆ ಮೇಜಿನ ಬಳಿ ನನಗೆ ಸಮರ್ಥಿಸಿಕೊಳ್ಳಲಾಗಲಿಲ್ಲ. ಪೊಟ್ಟಣ ಕಸದ ಡಬ್ಬಿಗೆ ಹೋಯಿತು. ಅತ್ತೆಗೆಂದು ತಂದದ್ದರಲ್ಲಿ ಉಳಿದದ್ದು ಕಾಗದ ಒಂದೇ.

ಕರೆದೊಯ್ಯಲು ಬಂದವರು ಸಿಸ್ಟರ್ ಆಗ್ನೆಸ್. ಅದೇ ದೇಶದವರು, ನಲವತ್ತರ ಆಸುಪಾಸು. ಹುಡುಗಿಯಾಗಿದ್ದಾಗ ಅತ್ತೆಯಿಂದಲೇ ಅಕ್ಷರ ಕಲಿತು, ಅದೇ ಮಠ ಸೇರಿ, ಈಗ ಮಿಶನ್ ಆಸ್ಪತ್ರೆಯನ್ನು ನೋಡಿಕೊಳ್ಳುವವರು. ಪಿಕಪ್ ಅವರೇ ಓಡಿಸುತ್ತಿದ್ದರು. ದಾರಿಯಲ್ಲಿ ಒಂದು ಸಂತೆಯ ಬಳಿ ಟೊಮೇಟೊ ಕೊಳ್ಳಲು ನಿಲ್ಲಿಸಿದರು. ನಾನು ಇಳಿದದ್ದೇ ತಡ, ಮಕ್ಕಳು "ಅಮ್ವೆನ್ಯೆ, ಅಮ್ವೆನ್ಯೆ" ಎಂದು ಕೂಗಿದರು, ಅಂದರೆ ಭಾರತದವರು. ಒಬ್ಬ ಹೆಂಗಸು ತಾನು ಉಟ್ಟಿದ್ದ ಬಟ್ಟೆ ತೋರಿಸಿ ಏನೋ ಕೇಳಿದಳು. ಅಂಥದ್ದು ನನ್ನ ಅಂಗಡಿಯಲ್ಲಿ ಇದೆಯೇ ಎಂದು ಕೇಳುತ್ತಿದ್ದಾಳೆ ಎಂದು ಆಗ್ನೆಸ್ ನಕ್ಕರು. ಅಲ್ಲಿ ಭಾರತದವರೆಂದರೆ ಅಂಗಡಿಯವರು, ದುಡ್ಡಿನವರು. ನಮ್ಮ ವಂಶದಲ್ಲಿ ತಕ್ಕಡಿಯ ಆಚೆ ಬದಿ ನಿಂತವರು ಯಾರೂ ಇಲ್ಲ. ಎನ್.ಆರ್. ಪುರದ ಸಂತೆಯಲ್ಲಿ ನಾವು ಸಂಜೆಯಾದ ಮೇಲೆ, ಬೆಲೆ ಇಳಿದ ಮೇಲೆ ಹೋಗುವವರು. ಇದನ್ನೆಲ್ಲ ಯಾವ ಭಾಷೆಯಲ್ಲಿ ಹೇಳಲಿ? ಊರಲ್ಲಿ ಮರ ಹತ್ತುವವನ ಮಗಳಾಗಿದ್ದೆ, ಇಲ್ಲಿ ಸಾಹುಕಾರರ ಮಗಳಾದೆ. ಎರಡು ಕಡೆಯೂ ನನ್ನನ್ನು ಕೇಳಿ ಯಾರೂ ತೀರ್ಮಾನಿಸಲಿಲ್ಲ.

ಮಿಶನ್

ಡೆಡ್ಜಾ ಬೆಟ್ಟಗಳ ಬುಡದಲ್ಲಿ ಕೆಂಪು ಇಟ್ಟಿಗೆಯ ಇಗರ್ಜಿ, ಅದರ ಪಕ್ಕ ಆಸ್ಪತ್ರೆ, ಹಿಂದೆ ಸಿಸ್ಟರುಗಳ ಮನೆ. ಮಣ್ಣು ನಮ್ಮದೇ ಬಣ್ಣ, ಮಾವಿನ ಮರವೂ ನಮ್ಮದೇ. ಆದರೆ ಆಕಾಶ ಎಷ್ಟು ದೊಡ್ಡದೆಂದರೆ ಮೊದಲ ದಿನ ನನಗೆ ತಲೆ ಸುತ್ತಿದ ಹಾಗಾಯಿತು. ನಮ್ಮಲ್ಲಿ ಯಾವ ಕಡೆ ತಿರುಗಿದರೂ ಗುಡ್ಡವೋ ಮರವೋ ಕಣ್ಣಿಗೆ ಅಡ್ಡ ಬರುತ್ತದೆ. ಇಲ್ಲಿ ಕಣ್ಣು ಹೋಗಿ ಹೋಗಿ ಸುಸ್ತಾಗಬೇಕು.

ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದರು. ಗೋಡೆ ಹಿಡಿದು ಇಳಿದು ಬಂದು ನನ್ನ ಎರಡೂ ಕೈ ಹಿಡಿದು "ಬಂದ್ಯಾ" ಎಂದರು. ಉಂಡೆಯಾ ಎಂದು ಕೇಳಿದರು. ಅಪ್ಪ ಹೇಗಿದ್ದಾನೆ ಎಂದರು, ನಾನು ಹೇಳಿದೆ, ತಲೆಯಾಡಿಸಿದರು. ಅಷ್ಟರಲ್ಲಿ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದರು. ಅತ್ತೆ ನನ್ನ ಕೈ ಬಿಟ್ಟು ಒಳಗೆ ಹೋದರು. ನಾನು ಚೀಲ ಹಿಡಿದು ಅಂಗಳದಲ್ಲಿ ನಿಂತೆ. ಇಷ್ಟು ದೂರ ಬಂದದ್ದಕ್ಕೆ ಇಷ್ಟೇ ಎಂದು ಅನಿಸಿತು. ನರ್ಸಾಗಿ ಹಾಗೆ ಅನ್ನಿಸಬಾರದು ಎಂದೂ ಅನಿಸಿತು.

ಮಿಶನ್ ಎಂದರೆ ಏನೋ ದೊಡ್ಡ ಉಪದೇಶ ಎಂದುಕೊಂಡಿದ್ದೆ. ಅಲ್ಲಿ ಕಂಡದ್ದು ಬಾಗಿಲು. ಬೆಳಿಗ್ಗೆ ಕತ್ತಲೆ ಇರುವಾಗಲೇ ಲಾರಿಯ ಹಳೆ ಚಕ್ರದ ರಿಂಗಿಗೆ ಕಬ್ಬಿಣದಿಂದ ಬಡಿಯುತ್ತಾರೆ, ಅದೇ ಗಂಟೆ. ಪ್ರಾರ್ಥನೆ ಮುಗಿಯುವುದರೊಳಗೆ ಹೊರಗೆ ಯಾರೋ "ಓಡಿ" ಎಂದು ಕೂಗುತ್ತಾರೆ. ಮೊದಲ ಸಲ ನಾನು ಎದ್ದು ಓಡಿದ್ದೆ. ಅದು ಅಲ್ಲಿನವರು ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವ ರೀತಿ. ಬಾಗಿಲು ತಟ್ಟುವುದಿಲ್ಲ, ಇಣುಕುವುದಿಲ್ಲ, ಉತ್ತರ ಬರುವವರೆಗೆ ಕಾಯುತ್ತಾರೆ. ಒಬ್ಬರಿಗೆ ಜ್ವರ, ಒಬ್ಬರಿಗೆ ಗಂಡನ ಜೊತೆ ಜಗಳ, ಒಬ್ಬರ ಮನೆಯಲ್ಲಿ ಸಾವು, ಒಬ್ಬರಿಗೆ ಸುಮ್ಮನೆ ಉಪ್ಪು ಬೇಕು. ಅತ್ತೆ ಎಲ್ಲರಿಗೂ ಉತ್ತರ ಕೊಡುತ್ತಾರೆ. ಮಧ್ಯಾಹ್ನ ಕೋಲೂರಿಕೊಂಡು, ಏಳಲಾಗದ ಮುದುಕಿಯರ ಮನೆಗೆ ಪರಮಪ್ರಸಾದ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಬೈಬಲು ಓದುವುದಕ್ಕಿಂತ ಹೆಚ್ಚು ಹೊತ್ತು ಆ ಮುದುಕಿಯರ ಉಗುರು ಕತ್ತರಿಸುತ್ತಾರೆ. ಸಾವಿನ ಮನೆಗೆ ಹೋದರೆ ನೆಲದ ಮೇಲೆ ಕೂತು ಸುಮ್ಮನಿರುತ್ತಾರೆ. ಅಲ್ಲಿ ಸಾವಿಗೆ ಎಲ್ಲರೂ ಹೋಗಲೇಬೇಕು, ಹೋಗಿ ಮಾತಾಡದೆ ಕೂರಬೇಕು. ಮಾತಾಡದೆ ಕೂರುವುದೂ ಒಂದು ಕೆಲಸ ಎಂದು ಅಲ್ಲಿ ನೋಡಿದೆ.

ನನಗೆ ಆ ದೇಶದಲ್ಲಿ ನರ್ಸ್ ಕೆಲಸ ಮಾಡುವ ಪರವಾನಗಿ ಇಲ್ಲ. ಹಾಗಾಗಿ ಮಕ್ಕಳನ್ನು ತೂಗುವ ಕೆಲಸ ಕೊಟ್ಟರು. ಮಾವಿನ ಕೊಂಬೆಗೆ ಗಡಿಯಾರದಂಥ ತಕ್ಕಡಿ ನೇತು ಹಾಕಿ, ಬಟ್ಟೆಯ ಚಡ್ಡಿಯೊಂದರಲ್ಲಿ ಮಗುವಿನ ಕಾಲು ಇಳಿಸಿ ಜೋಲಾಡಿಸುವುದು. ತಾಯಂದಿರು ಸಾಲಾಗಿ ಕೂತು ಹಾಡುತ್ತಾರೆ. ನನ್ನ ಮುಖ ಕಂಡದ್ದೇ ಮಕ್ಕಳು ಬಾಯಿ ಬಿಟ್ಟು ಅಳುತ್ತಿದ್ದವು. ಹೀಗೆ ದಿನಾ ಮಕ್ಕಳನ್ನು ಅಳಿಸಿ, ಅನ್ನದ ಬದಲು ಎನ್ಸಿಮಾ ಉಣ್ಣುತ್ತಿದ್ದೆ. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ ಅದು. ನಾವು ಮಲೆನಾಡಿನವರು ಮುದ್ದೆಯವರಲ್ಲ. ಮೊದಲ ಎರಡು ತುತ್ತು ಗಂಟಲಲ್ಲೇ ನಿಂತವು. ಜೊತೆಗೆ ಬಂದ ಸಣ್ಣ ಒಣಮೀನಿನ ವಾಸನೆ ಮಾತ್ರ ಅಮ್ಮನ ಅಡಿಗೆಮನೆಯದೇ. ಆ ವಾಸನೆಗೆ ಕಣ್ಣು ತುಂಬಿತು. ಖಾರ ಹೆಚ್ಚಾಯಿತೇ ಎಂದು ಆಗ್ನೆಸ್ ಕೇಳಿದರು. ಅದರಲ್ಲಿ ಖಾರವೇ ಇರಲಿಲ್ಲ.

ನನಗೆ ಕೊಟ್ಟ ಕೋಣೆಯಲ್ಲಿ ಗೆದ್ದಲು. ತಂದಿದ್ದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಎರಡು ರಾತ್ರಿಯಲ್ಲಿ ಜರಡಿಯಾಯಿತು. ಅವತ್ತಿನಿಂದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಹೆಗಲ ಚೀಲದಲ್ಲೇ ಇಟ್ಟುಕೊಂಡೆ. ತೂಕ ಮಾಡುವಾಗಲೂ ಚೀಲ ಹೆಗಲಲ್ಲಿ. ಅತ್ತೆಗೆ ಕೊಡಲು ಹೊತ್ತೇ ಸಿಗಲಿಲ್ಲ. ಸಂಜೆ ಜಪಮಾಲೆ ಹಿಡಿದು ಬೆಂಚಿನ ಮೇಲೆ ಕೂತವರು ಹಾಗೇ ತೂಕಡಿಸುತ್ತಿದ್ದರು. ಎಬ್ಬಿಸಿ ಕಾಗದ ತೋರಿಸುವುದು ಹೇಗೆ? ನಾನು ಪಕ್ಕದಲ್ಲಿ ಕೂತು ಬೆಟ್ಟ ಕಪ್ಪಾಗುವುದನ್ನು ನೋಡುತ್ತಿದ್ದೆ. ಆಮೇಲೆ ನೀರಿನ ಟ್ಯಾಂಕಿನ ದಿಬ್ಬ ಹತ್ತಿ, ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು, ಅಪ್ಪನಿಗೆ ಫೋನ್ ಮಾಡುತ್ತಿದ್ದೆ. ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದರು, ಅಕ್ಕ ಎಂತ ಹೇಳಿದಳು ಎಂದು. ಬಿಡುವಾಗಲಿಲ್ಲ ಎಂದು ನಾನು ಒಂದೇ ಉತ್ತರ ಕೊಡುತ್ತಿದ್ದೆ.

ನನಗೆ ಹೆಚ್ಚು ನೋವಾದದ್ದು ಬೇರೆ. ಅತ್ತೆ ಊರಿನ ಒಂದು ಸುದ್ದಿಯನ್ನೂ ಕೇಳುತ್ತಿರಲಿಲ್ಲ. ಯಾರ ಮದುವೆಯಾಯಿತು, ಯಾರು ಸತ್ತರು, ನದಿಗೆ ಸೇತುವೆ ಬಂತೇ, ಏನೂ ಇಲ್ಲ. ಅವರ ಕನ್ನಡವೂ ಜಂಗು ಹಿಡಿದಿತ್ತು. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ಅಲ್ಲಿನ ಚಿಚೇವಾ ಭಾಷೆಯಲ್ಲಿ ಮುಗಿಯುತ್ತಿತ್ತು. ನನ್ನ ಜೊತೆ ಮಾತಾಡುವಾಗ ದಣಿದವರ ಹಾಗೆ ಕಾಣುತ್ತಿದ್ದರು. ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟೆ: "ಯಾಕೆ ಅತ್ತೆ, ಊರಿನದ್ದು ಎಂತದೂ ಕೇಳಲ್ಲ ನೀವು?"

ಅವರು ಜಪಮಾಲೆಯ ಮಣಿ ದಾಟಿಸಿ ಹೇಳಿದರು: "ಕೇಳಿದ್ರೆ ಇಲ್ಲಿ ಕಾಲು ನಿಲ್ಲಲ್ಲ ಕೂಸೇ."

ಬರ್ತೀರಾ ಎಂದು ಕೇಳಿದೆ. ನೋಡುವ ಎಂದರು. ಅಷ್ಟೊತ್ತಿಗೆ ಬಾಗಿಲಲ್ಲಿ ಮತ್ತೆ ಯಾರೋ ಕೂಗಿದರು.

ಭಾನುವಾರ

ಅಲ್ಲಿನ ಪೂಜೆ ನಮ್ಮದಕ್ಕಿಂತ ತುಂಬ ಉದ್ದ, ತುಂಬ ಗಟ್ಟಿ. ಕಾಣಿಕೆಗೆ ಜೋಳ, ಕುಂಬಳಕಾಯಿ, ಜೀವಂತ ಕೋಳಿಗಳನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತ ಬರುತ್ತಾರೆ. ನಮ್ಮ ಎನ್.ಆರ್. ಪುರದ ಇಗರ್ಜಿಯಲ್ಲಿ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮುವವರು ನಾವು. ಪೂಜೆಯ ಕೊನೆಗೆ ಹೊಸದಾಗಿ ಬಂದವರು ಎದ್ದು ನಿಂತು ತಮ್ಮ ಪರಿಚಯ ಹೇಳಿಕೊಳ್ಳಬೇಕು. ಪ್ರತಿ ಮಾತಿಗೂ ಹೆಂಗಸರು ನಾಲಿಗೆ ಕುಣಿಸಿ ಉಲಿಯುತ್ತಾರೆ, ಅದು ಅವರ ಚಪ್ಪಾಳೆ.

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಆಗ್ನೆಸ್ ಅವರ ಭಾಷೆಗೆ ತಂದರು. ನನ್ನ ಹೆಸರು ಸರಿತಾ ಎಂದೆ, ಉಲಿದರು. ಸಿಸ್ಟರ್ ಲೂಸಿಯ ತಮ್ಮನ ಮಗಳು ಎಂದೆ, ಇನ್ನೂ ಜೋರಾಗಿ ಉಲಿದರು. ಅದರ ಹುಮ್ಮಸ್ಸಿನಲ್ಲಿ, ಅತ್ತೆಯನ್ನು ನಮ್ಮ ಊರಿಗೆ ಕರೆದುಕೊಂಡು ಹೋಗಲು ಬಂದಿದ್ದೇನೆ, ಇಷ್ಟು ವರ್ಷ ನೋಡಿಕೊಂಡದ್ದಕ್ಕೆ ನಿಮಗೆಲ್ಲ ಥ್ಯಾಂಕ್ಸ್ ಎಂದೆ.

ಆಗ್ನೆಸ್ ನನ್ನ ಮುಖ ನೋಡಿದರು. ಆಮೇಲೆ ಅನುವಾದಿಸಿದರು. ಹೇಳಿ ಮುಗಿಸಿದ ಮೇಲೆ ಅಷ್ಟು ದೊಡ್ಡ ಇಗರ್ಜಿಯಲ್ಲಿ ಕಾಣಿಕೆಯ ಕೋಳಿಗಳ ಸದ್ದು ಮಾತ್ರ ಕೇಳುತ್ತಿತ್ತು. ಅತ್ತೆ ತಲೆ ತಗ್ಗಿಸಿ ಕೂತಿದ್ದರು.

ಮಧ್ಯಾಹ್ನ ಒಬ್ಬೊಬ್ಬರಾಗಿ ಹೆಂಗಸರು ಬಂದು ಸಿಸ್ಟರುಗಳ ಮನೆಯ ಮುಂದೆ ನೆಲದ ಮೇಲೆ ಕೂತರು. ಬೈಯಲಿಲ್ಲ, ಕೇಳಲಿಲ್ಲ, ಅಳಲಿಲ್ಲ. ಸುಮ್ಮನೆ ಕೂತರು. ಆ ಕೂರುವಿಕೆಯನ್ನು ನಾನು ವಾರದ ಹಿಂದೆ ಸಾವಿನ ಮನೆಯಲ್ಲಿ ನೋಡಿದ್ದೆ.

ಆಗ್ನೆಸ್ ನನ್ನನ್ನು ಅಡಿಗೆಮನೆಗೆ ಕರೆದು ವಿಷಯ ಬಿಡಿಸಿ ಹೇಳಿದರು. ಅಲ್ಲಿ ಪ್ರತಿ ಮನುಷ್ಯನಿಗೂ ಒಬ್ಬ ಎನ್ಖೋಸ್ವೆ ಇರಬೇಕು. ಅವನು ಸಾಮಾನ್ಯವಾಗಿ ತಾಯಿಯ ತಮ್ಮ, ಇಲ್ಲವೇ ಒಡಹುಟ್ಟಿದ ಅಣ್ಣ. ಮದುವೆಗೆ, ಜಗಳಕ್ಕೆ, ಊರು ಬಿಡುವುದಕ್ಕೆ, ಸಾವಿಗೆ, ಅವರ ಪರವಾಗಿ ಮಾತಾಡುವವನು ಅವನೇ. ಅವನನ್ನು ಕೇಳದೆ ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗುವ ಹಾಗಿಲ್ಲ. ತುಂಬ ಹಿಂದೆ ಅತ್ತೆಗೆ ಮಲೇರಿಯಾ ತಲೆಗೇರಿ ಸಾಯುವ ಹಾಗಾಗಿತ್ತಂತೆ. ಊರವರೆಲ್ಲ ಬಂದು ಕೂತರು. ಇವಳು ಸತ್ತರೆ ಗುಂಡಿಯ ಬಳಿ ಇವಳ ಪರವಾಗಿ ಯಾರು ಮಾತಾಡುತ್ತಾರೆ ಎಂಬ ಪ್ರಶ್ನೆ ಬಂತು. ಅಣ್ಣತಮ್ಮಂದಿರು ಸಮುದ್ರದ ಆಚೆ. ಆಗ ಫಿರಿ ಎಂಬ ಇಟ್ಟಿಗೆ ಸುಡುವವರು ಎದ್ದು ನಿಂತು, ನಾನು ಇವಳ ಅಣ್ಣ ಎಂದರು. ಅತ್ತೆ ಬದುಕಿದರು. ಫಿರಿ ಅವತ್ತಿನಿಂದ ಅಣ್ಣನಾಗಿಯೇ ಉಳಿದರು. ಅವರನ್ನು ಒಂದು ಮಾತು ಕೇಳದೆ, ಅವರು ಮೂರನೇ ಬೆಂಚಿನಲ್ಲಿ ಕೂತಿರುವಾಗಲೇ, ನಾನು ಇಡೀ ಊರಿಗೆ ಕೇಳುವ ಹಾಗೆ ಅವರ ತಂಗಿಯನ್ನು ಕರೆದೊಯ್ಯುತ್ತೇನೆ ಎಂದಿದ್ದೆ.

ನನಗೆ ತಿಳಿಯಬೇಕಿತ್ತು. ನನ್ನ ಅಕ್ಕನ ಮದುವೆಗೆ ಅಮ್ಮನ ತವರು ಬೇಗಾರಿನ ಸೋದರಮಾವನನ್ನು ಕೇಳದೆ ದಿನ ಗೊತ್ತು ಮಾಡಿದ್ದರು. ಮಾವ ಮದುವೆಗೆ ಬಂದರು, ಚಪ್ಪರದ ಹೊರಗೆ ಬೈಕಿನ ಮೇಲೆ ಕೂತರು, ಒಳಗೆ ಬರಲಿಲ್ಲ, ಉಣ್ಣಲಿಲ್ಲ. ಇವತ್ತಿಗೂ ಅಮ್ಮ ಆ ಮಾತು ಬಂದರೆ ಎದ್ದು ಹೋಗುತ್ತಾಳೆ. ಅಂಥ ಮನೆಯಿಂದ ಬಂದವಳು ನಾನು. ಆದರೂ ಪರದೇಶದ ಒಬ್ಬ ಸನ್ಯಾಸಿನಿಗೆ ಸೋದರಮಾವ ಇರಬಹುದೆಂದು ಯಾರಿಗೆ ಹೊಳೆಯುತ್ತದೆ?

ಈಗ ಏನು ಮಾಡಬೇಕು ಎಂದು ಕೇಳಿದೆ. ಆಗ್ನೆಸ್ ಹಿತ್ತಲ ಕಡೆ ನೋಡಿದರು. ಒಂದು ಕೋಳಿ ಹಿಡಿಯಲು ಬರುತ್ತದೆಯೇ ಎಂದರು.

ಫಿರಿಯವರ ಮನೆ

ಕೋಳಿ ಹಿಡಿಯಲು ನನಗೆ ಯಾರೂ ಕಲಿಸಬೇಕಿಲ್ಲ. ಆದರೆ ಅದನ್ನು ಬಗಲಲ್ಲಿ ಇಟ್ಟುಕೊಂಡು, ಹೆಗಲಲ್ಲಿ ಚೀಲ ಹಾಕಿಕೊಂಡು, ಒಣಗಿದ ಜೋಳದ ಗದ್ದೆಗಳ ನಡುವೆ ಇಡೀ ಊರಿನ ಕಣ್ಣೆದುರು ನಡೆಯುವುದು ಬೇರೆ ವಿಷಯ. ಅರ್ಧ ದಾರಿಯಲ್ಲಿ ಅದು ಜಾರಿ ಯಾರದೋ ಅಂಗಳಕ್ಕೆ ನುಗ್ಗಿತು. ನಾನು ಅದರ ಹಿಂದೆ ಓಡಿದೆ. ಭಾನುವಾರದಿಂದ ನನ್ನ ಕಡೆ ನೋಡದಿದ್ದ ಹೆಂಗಸರು ನಕ್ಕರು. ಒಬ್ಬಳು ಅಡ್ಡ ಬಂದು ಹಿಡಿದು ಕೊಟ್ಟಳು. ಅಷ್ಟಕ್ಕೇ ನನ್ನ ಎದೆ ಸ್ವಲ್ಪ ಹಗುರವಾಯಿತು.

ಅತ್ತೆ ನನ್ನ ಮತ್ತು ಆಗ್ನೆಸ್ಸರ ಹಿಂದೆ ಕೋಲೂರಿಕೊಂಡು ಬಂದರು. ಯಾರ ವಿಷಯವೋ ಅವರು ಮಾತಾಡುವಂತಿಲ್ಲವಂತೆ. ಅವರು ಹೋಗಿ ಹೆಂಗಸರ ಜೊತೆ ಚಾಪೆಯ ಕೊನೆಯಲ್ಲಿ ಕೂತರು. ಫಿರಿ ಆ ಬಿಸಿಲಲ್ಲೂ ಕೋಟು ಹಾಕಿಕೊಂಡು ಮರದ ಕುರ್ಚಿಯ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಉದ್ದನೆಯ ಕೈಗಳು. ನಾನು ಮಂಡಿಯೂರಿ ಅವರ ಹೆಂಡತಿಗೆ ಕೋಳಿ ಕೊಟ್ಟೆ. ಅಲ್ಲಿ ಹಿರಿಯರಿಗೆ ಏನು ಕೊಟ್ಟರೂ ಮಂಡಿಯೂರಿ ಎರಡೂ ಕೈಯಲ್ಲಿ ಕೊಡಬೇಕು, ಪಡೆಯುವವರೂ ಎರಡೂ ಕೈಯಲ್ಲಿ ಪಡೆಯಬೇಕು.

ಮೊದಲು ಅವರು ನಮ್ಮ ಮಳೆಯ ಬಗ್ಗೆ ಕೇಳಿದರು. ಆಮೇಲೆ ಬೆಳೆ. ಆಮೇಲೆ ಅಪ್ಪ. ಆಗ್ನೆಸ್ ಇಬ್ಬರ ಮಾತನ್ನೂ ದಾಟಿಸುತ್ತಿದ್ದರು. ಅಪ್ಪ ಮರದಿಂದ ಬಿದ್ದದ್ದನ್ನು ಹೇಳಿದೆ. ಎಷ್ಟು ಎತ್ತರದ ಮರ ಎಂದು ಕೇಳಿದರು. ಇಗರ್ಜಿಯ ಶಿಲುಬೆ ತೋರಿಸಿ ಅದಕ್ಕಿಂತ ಎತ್ತರ ಎಂದೆ. ಫಿರಿ ನಾಲಿಗೆಯಿಂದ ಲೊಚಗುಟ್ಟಿದರು. ನಾನು ಭಾನುವಾರದ ಮಾತಿಗೆ ಕ್ಷಮೆ ಕೇಳಿದೆ. ಅದಕ್ಕೆ ಅವರು ಕೈಯಾಡಿಸಿದರು, ನೊಣ ಓಡಿಸುವ ಹಾಗೆ.

ಆಮೇಲೆ ತಮ್ಮ ಅಣ್ಣನ ಕಥೆ ಹೇಳಿದರು. ಅಣ್ಣ ಹುಡುಗನಾಗಿದ್ದಾಗ ಜೋಹಾನ್ಸ್‌ಬರ್ಗಿನ ಗಣಿಗೆ ಕೆಲಸಕ್ಕೆ ಹೋದನಂತೆ. ಬರುತ್ತೇನೆ ಎಂದೇ ಹೋದ. ತಾಯಿ ಸಾಯುವವರೆಗೂ ಊಟದ ಹೊತ್ತಿಗೆ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅವನ ಗೋರಿ ಎಲ್ಲಿದೆ ಎಂದು ಈಗಲೂ ಗೊತ್ತಿಲ್ಲ. ಇಷ್ಟು ಹೇಳಿ ಫಿರಿ ನನ್ನನ್ನು ನೇರ ನೋಡಿದರು.

"ನಿನ್ನ ಅಪ್ಪ ನನ್ನ ತಂಗಿಯನ್ನು, ಅಲ್ಲ, ಅವನ ಅಕ್ಕನನ್ನು ನೋಡಬೇಕೆನ್ನುವುದು ನ್ಯಾಯ. ಕರೆದುಕೊಂಡು ಹೋಗು. ತಿರುಗಿ ಯಾರು ತರುತ್ತಾರೆ?"

ತಿರುಗಿ ತರುವ ಯೋಚನೆಯೇ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾನು ಚಾಪೆಯ ಕೊನೆಗೆ ನೋಡಿದೆ. ಅತ್ತೆ ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಸಣ್ಣಗೆ ಮುರಿಯುತ್ತಿದ್ದರು. ಅವರ ಗೋರಿ ಇಲ್ಲಿಯೇ ಆಗಬೇಕೆಂದು ಅವರಿಗಿರುವುದು ನನಗೆ ಆಗ, ಆ ಕಡ್ಡಿ ಮುರಿಯುವುದರಲ್ಲಿ ತಿಳಿಯಿತು. ನಾವು ಕೇಳಿದ್ದು ಬಂದುಬಿಡಿ ಎಂದು. ಬಂದು ನೋಡಿ ಹೋಗಿ ಎಂದು ಯಾರೂ ಕೇಳಿರಲಿಲ್ಲ.

"ಅಡಿಕೆ ಕೊಯ್ಲು ಮುಗಿಯುವವರೆಗೆ ಇರಲಿ. ಆಮೇಲೆ ನಾನೇ ತಂದು ಬಿಡುತ್ತೇನೆ" ಎಂದೆ.

ಫಿರಿ ತಲೆಯಾಡಿಸಲಿಲ್ಲ. ಆಗ್ನೆಸ್ ಹಿಂಜರಿಯುತ್ತ ಅವರ ಮಾತನ್ನು ನನಗೆ ಹೇಳಿದರು. ಅವರ ಲೆಕ್ಕದಲ್ಲಿ ಮಕ್ಕಳು ತಾಯಿಯ ಕಡೆಯವರು. ತಮ್ಮನ ಮಗಳೆಂದರೆ ಅವಳು ತನ್ನ ತಾಯಿಯ ಊರಿನವಳು, ಅತ್ತೆಯ ಕುಲದವಳಲ್ಲ. ನನಗೆ ಅತ್ತೆಯ ಬಗ್ಗೆ ಮಾತು ಕೊಡುವ ಹಕ್ಕೇ ಇಲ್ಲ. ಇಷ್ಟು ದೂರ ಬಂದು ನಾನು ಬೇಗಾರಿನವಳಾಗಿಬಿಟ್ಟೆ, ಅತ್ತೆಗೆ ಯಾರೂ ಅಲ್ಲದವಳಾದೆ. ಊರು ಬಿಟ್ಟ ಮೇಲೆ ಅಷ್ಟು ಒಂಟಿ ಎಂದು ಯಾವತ್ತೂ ಅನಿಸಿರಲಿಲ್ಲ. ಬಿಸಿಲು, ಧೂಳು, ಸುತ್ತ ಕೂತ ಜನ, ಅರ್ಥವಾಗದ ಮಾತು. ನನ್ನ ಬಾಯಿಂದ ಬರುವ ಯಾವ ಮಾತಿಗೂ ಅಲ್ಲಿ ತೂಕವಿಲ್ಲ.

ಹೆಗಲ ಚೀಲದ ಮೇಲೆ ಕೈ ಹೋಯಿತು.

ಪ್ಲಾಸ್ಟಿಕ್ ಕವರು ಬಿಚ್ಚಿದೆ. ಆಗ್ನೆಸ್ಸಿಗೆ ಹೇಳಿದೆ, ಇದನ್ನು ಸರಿಯಾಗಿ ಹೇಳಿ. ಇದು ನನ್ನ ಪದವಿಯ ಕಾಗದ. ನಮ್ಮ ಮನೆತನದಲ್ಲಿ ಇದು ಒಂದೇ ಇದೆ. ಈ ಅಸಲು ಪ್ರತಿ ಕೇಳಿದರೆ ತೋರಿಸಲಾಗದವಳನ್ನು ಒಳ್ಳೆಯ ಆಸ್ಪತ್ರೆಯವರು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಅತ್ತೆಯನ್ನು ತಿರುಗಿ ತರುವವರೆಗೆ ಇದು ನಿಮ್ಮ ಮನೆಯಲ್ಲಿರಲಿ.

ಅತ್ತೆ ತಲೆ ಎತ್ತಿದರು. ಬೇಡ ಎಂದು ಕತ್ತು ಅಲ್ಲಾಡಿಸಿದರು. ನಾನು ನೋಡದವಳ ಹಾಗೆ ಮಂಡಿಯೂರಿ ಎರಡೂ ಕೈಯಲ್ಲಿ ಕಾಗದ ಚಾಚಿದೆ. ಫಿರಿ ಎರಡೂ ಕೈಯಲ್ಲಿ ಹಿಡಿದರು. ಬಿಡಬೇಕಾದಾಗ ನನ್ನ ಬೆರಳು ತಕ್ಷಣ ಬಿಡಲಿಲ್ಲ. ಅವರು ಎಳೆಯಲಿಲ್ಲ, ಕಾದರು.

ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಎದ್ದು ಹೋಗಿ ಕಾಗದವನ್ನು ಅತ್ತೆಯ ಮಡಿಲಲ್ಲಿಟ್ಟು ಓದು ಎಂದರು. ಅಣ್ಣ ಹೇಳಿದ ಮೇಲೆ ಮಾತಾಡಬಹುದು. ಅತ್ತೆ ಕನ್ನಡಕ ಹುಡುಕಿದರು. ಇಂಗ್ಲಿಷಿನಲ್ಲಿ ಒಂದು ಸಾಲು, ಚಿಚೇವಾದಲ್ಲಿ ಒಂದು ಸಾಲು, ಹೀಗೆ ಓದುತ್ತ ಬಂದರು. ನನ್ನ ಹೆಸರು ಬಂದಲ್ಲಿ ನಿಂತರು. ಸೆರಗಿನ ಹಾಗೆ ತಲೆಬಟ್ಟೆಯ ತುದಿಯಿಂದ ಕನ್ನಡಕ ಒರೆಸಿ, ಆ ಸಾಲನ್ನು ಮೊದಲಿಂದ ಮತ್ತೆ ಓದಿದರು. ಅಪ್ಪ ಹೇಳಿ ಕಳಿಸಿದ್ದನ್ನು ನಾನು ಆಗ ಕನ್ನಡದಲ್ಲಿ ಹೇಳಿದೆ, ನೀವು ಸುಲಿದ ಅಡಿಕೆ ಇದು ಅತ್ತೆ ಎಂದು. ಅವರು ಕಾಗದದಿಂದ ಕಣ್ಣು ತೆಗೆಯಲಿಲ್ಲ. ಮೊದಲು ಉಲಿದದ್ದು ಕೋಳಿ ಹಿಡಿದು ಕೊಟ್ಟ ಹೆಂಗಸು. ಆಮೇಲೆ ಎಲ್ಲರೂ.

ಫಿರಿ ಒಳಗಿಂದ ತಗಡಿನ ಟ್ರಂಕು ತರಿಸಿದರು. ಗೆದ್ದಲು ತಗಡು ತಿನ್ನುವುದಿಲ್ಲ ಎಂದು ನನಗೆ ಬೆರಳಿನಿಂದ ತಟ್ಟಿ ತೋರಿಸಿದರು. ತಮ್ಮ ಮದುವೆಯ ಕೋಟು, ತಾಯಿಯ ಒಂದು ಬಟ್ಟೆ, ಅವುಗಳ ನಡುವೆ ನನ್ನ ಕಾಗದವನ್ನು ಕವರಿನ ಸಮೇತ ಇಟ್ಟು ಮುಚ್ಚಿದರು. ಇದನ್ನು ಯಾರನ್ನಾದರೂ ಕಳಿಸಿ ತರಿಸಿಕೊಳ್ಳಬೇಡ, ಈ ಎರಡು ಕೈಗೆ ಮಾತ್ರ ಕೊಡುತ್ತೇನೆ ಎಂದು ನನ್ನ ಕೈ ತೋರಿಸಿ ಹೇಳಿದರು. ಅಡಿಕೆಯ ಕಲೆ ಈಗ ಆ ಬೆರಳಲ್ಲಿಲ್ಲ. ಇದ್ದಿದ್ದರೆ ಗುರುತಿಗೆ ಚೆನ್ನಾಗಿತ್ತು ಎನಿಸಿತು.

ಒಳಗೆ ಫಿರಿಯವರ ಹೆಂಡತಿ ನಾನು ತಂದ ಕೋಳಿಯನ್ನೇ ನಮ್ಮ ಊಟಕ್ಕೆ ತಯಾರು ಮಾಡುತ್ತಿದ್ದರು. ಅತ್ತೆ ಚಾಪೆಯ ಮೇಲೆ ಮೆಲ್ಲಗೆ ಜರುಗಿ ನನ್ನ ಪಕ್ಕಕ್ಕೆ ಬಂದರು. ಮಂಡಿ ಒತ್ತಿಕೊಳ್ಳುತ್ತ ಆ ದೊಡ್ಡ ಆಕಾಶದ ಕಡೆ ನೋಡಿದರು. ಆಮೇಲೆ, ಒಂದು ಶಬ್ದವೂ ಬೇರೆ ಭಾಷೆಗೆ ಜಾರದ ಹಾಗೆ, ಕೇಳಿದರು:

"ನಾರ್ವೇಲಿ ಈಗ ಚಳಿ ಶುರುವಾಗಿರ್ತದಾ ಕೂಸೇ?"